ಹದಿನೇಳರ ಹುಡುಗನಿಗೆ ಅಂಕ ಹಾಕುವ ವಿದ್ಯೆ

ಬ್ಯಾಟಿಗೆ ಚೆಂಡು ತಾಗಿದ ಸದ್ದು ಕೇಳಿದೊಡನೆ ಸ್ಟಾಪ್‌ವಾಚಿನ ಗುಂಡಿ ಒತ್ತಬೇಕು. ಹೊಡೆದವನ ಕಾಲು ಮೊದಲ ಬೇಸಿನ ಬಿಳಿ ಚೀಲ ಮುಟ್ಟಿದ ಕ್ಷಣ ಇನ್ನೊಮ್ಮೆ ಒತ್ತಬೇಕು. ನಡುವಿನ ದೂರ 90 ಅಡಿ, ಅಂದರೆ 27.4 ಮೀಟರ್. ಬಲಗೈ ಬ್ಯಾಟರ್ ಇದನ್ನು ಸುಮಾರು 4.3 ಸೆಕೆಂಡಿನಲ್ಲಿ ಓಡಿ ಮುಗಿಸಿದರೆ ಅವನ ಓಟ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಆಟಗಾರರ ಸರಾಸರಿಗೆ ಸಮ. 4.0 ಸೆಕೆಂಡಿಗೆ ಮುಟ್ಟಿದರೆ ಅವನು ಅಪರೂಪದ ಓಟಗಾರ. ಎಡಗೈ ಬ್ಯಾಟರ್ ನಿಲ್ಲುವ ಜಾಗ ಮೊದಲ ಬೇಸಿಗೆ ಒಂದು ಹೆಜ್ಜೆ ಹತ್ತಿರವಾದ್ದರಿಂದ ಅವನ ಲೆಕ್ಕದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಡಿಮೆ.

ವಸಂತ ಬಂತೆಂದರೆ ಅಮೆರಿಕದ ಹೈಸ್ಕೂಲು, ಕಾಲೇಜು ಮೈದಾನಗಳಲ್ಲಿ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದೆ, ತಂತಿಬಲೆಗೆ ಒತ್ತಿಕೊಂಡು ಕೆಲವರು ಕುರ್ಚಿ ಹಾಕಿ ಕೂರುತ್ತಾರೆ. ಕೈಯಲ್ಲಿ ಸ್ಟಾಪ್‌ವಾಚು, ಮೊಣಕಾಲ ಮೇಲೆ ರೇಡಾರ್ ಗನ್ನು, ಪಕ್ಕದಲ್ಲಿ ಟಿಪ್ಪಣಿ ಪುಸ್ತಕ. ಇವರು ಸ್ಕೌಟ್‌ಗಳು. ಮೇಜರ್ ಲೀಗ್‌ನ 30 ತಂಡಗಳ ಪರವಾಗಿ ಊರೂರು ಸುತ್ತಿ, ಮೀಸೆ ಚಿಗುರುತ್ತಿರುವ ಹುಡುಗರ ಭವಿಷ್ಯವನ್ನು ಅಂದಾಜು ಮಾಡುವುದು ಇವರ ಕೆಲಸ.

ಆ ಅಂದಾಜಿನ ಹಿಂದೆ ದೊಡ್ಡ ಹಣವಿದೆ. 1965ರಿಂದ ಮೇಜರ್ ಲೀಗ್ ತಂಡಗಳು ಹೊಸ ಆಟಗಾರರನ್ನು ವರ್ಷಕ್ಕೊಮ್ಮೆ ಡ್ರಾಫ್ಟ್ ಎಂಬ ಪದ್ಧತಿಯಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. 2021ರಿಂದ ಇದು 20 ಸುತ್ತುಗಳಲ್ಲಿ ನಡೆಯುತ್ತಿದೆ. ಐಪಿಎಲ್ ಹರಾಜಿನಲ್ಲಿ ಬಹುಪಾಲು ಹೆಸರುಗಳು ಅಷ್ಟರಲ್ಲಾಗಲೇ ರಾಜ್ಯ ತಂಡದಲ್ಲೋ ದೇಶದ ತಂಡದಲ್ಲೋ ಆಡಿ ಪಳಗಿದವರದು. ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ ಶಾಲೆ ಮುಗಿಸಿದ ಹುಡುಗನೂ ಇರುತ್ತಾನೆ. ಆಯ್ಕೆಯಾದವನು ಮೈನರ್ ಲೀಗ್‌ನ ಹಂತಗಳನ್ನು ಒಂದೊಂದಾಗಿ ಏರಬೇಕು, ಅದಕ್ಕೆ ನಾಲ್ಕೈದು ವರ್ಷ ಹಿಡಿಯುವುದು ಸಾಮಾನ್ಯ. ಅಂದರೆ ಸ್ಕೌಟ್ ನೋಡುತ್ತಿರುವುದು ಹದಿನೇಳರ ದೇಹ, ತಂಡ ದುಡ್ಡು ಸುರಿಯುತ್ತಿರುವುದು ಇಪ್ಪತ್ತೆರಡರ ಆಟಕ್ಕೆ.

ಇದಕ್ಕಾಗಿ ಬೇಸ್‌ಬಾಲ್ ಲೋಕ ಕಟ್ಟಿಕೊಂಡ ಅಳತೆಗೋಲು 20ರಿಂದ 80ರವರೆಗೆ ಸಾಗುತ್ತದೆ. ಇದರ ಶ್ರೇಯಸ್ಸನ್ನು ಸಾಮಾನ್ಯವಾಗಿ ಬ್ರಾಂಚ್ ರಿಕಿ ಎಂಬ ಹಳೆಯ ಆಡಳಿತಗಾರನಿಗೆ ಕೊಡುತ್ತಾರೆ. 1945ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಜೊತೆ ಒಪ್ಪಂದ ಮಾಡಿಕೊಂಡು ವರ್ಣಭೇದದ ಗೋಡೆ ಒಡೆದವರು ಅವರೇ. ಈ ಅಳತೆಯಲ್ಲಿ 50 ಎಂದರೆ ಮೇಜರ್ ಲೀಗ್‌ನ ಸರಾಸರಿ. ಅಲ್ಲಿಂದ ಪ್ರತಿ 10 ಅಂಕವೂ ಒಂದು ಮಾನಕ ವಿಚಲನೆಗೆ ಸಮ ಎಂಬುದು ಇದರ ತರ್ಕ. ಸಂಖ್ಯಾಶಾಸ್ತ್ರದ ಗಂಟೆಯಾಕಾರದ ರೇಖೆಯಲ್ಲಿ ಸರಾಸರಿಯಿಂದ ಮೂರು ಮಾನಕ ವಿಚಲನೆ ಆಚೀಚೆ ಹೋದರೆ ಬಹುತೇಕ ಎಲ್ಲರೂ ಒಳಗೆ ಬಂದುಬಿಡುತ್ತಾರೆ. ಆದ್ದರಿಂದಲೇ ಅಳತೆಗೋಲು ಕೆಳಗೆ 20ಕ್ಕೆ, ಮೇಲೆ 80ಕ್ಕೆ ನಿಲ್ಲುತ್ತದೆ. 80 ಅಂಕ ಬರೆಯುವ ಅವಕಾಶ ಒಬ್ಬ ಸ್ಕೌಟ್‌ನ ಬದುಕಿನಲ್ಲಿ ಕೆಲವೇ ಸಲ ಒದಗುತ್ತದೆ.

ಅಂಕ ಬೀಳುವುದು ಐದು ಕೌಶಲಗಳಿಗೆ. ಚೆಂಡಿಗೆ ಬ್ಯಾಟು ತಾಗಿಸುವುದು, ದೂರ ಹೊಡೆಯುವ ಬಲ, ಓಟ, ಕ್ಷೇತ್ರರಕ್ಷಣೆ, ತೋಳಿನ ಎಸೆತ. ಸ್ಕೌಟ್‌ಗಳ ಮಾತಿನಲ್ಲಿ ಇವು ಐದು ‘ಟೂಲ್’ಗಳು. ಪ್ರತಿಯೊಂದಕ್ಕೂ ಎರಡೆರಡು ಅಂಕ: ಹುಡುಗ ಇವತ್ತು ಎಲ್ಲಿದ್ದಾನೆ ಎಂಬುದಕ್ಕೆ ಒಂದು, ಬೆಳೆದ ಮೇಲೆ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಇನ್ನೊಂದು. ಬಲದ ಕಾಲಮಿನಲ್ಲಿ ಇವತ್ತಿಗೆ 30, ಮುಂದಕ್ಕೆ 60 ಎಂದು ಬರೆದಿದ್ದರೆ ಆ ಹುಡುಗನ ಅಗಲ ಭುಜ, ಉದ್ದ ಕಾಲು, ಇನ್ನೂ ತುಂಬಿಕೊಳ್ಳದ ಮೈಯನ್ನು ನೋಡಿ ಯಾರೋ ಧೈರ್ಯ ಮಾಡಿದ್ದಾರೆ ಎಂದರ್ಥ. ಬೆಳೆಯುವ ಸಿರಿ ಮೊಳಕೆಯಲ್ಲೇ ಎಂಬ ಗಾದೆಯನ್ನು ನಂಬಿ ಕೂತ ಉದ್ಯಮ ಇದು. ಮೊದಲನೆಯ ಅಂಕಕ್ಕೆ ಉಪಕರಣಗಳಿವೆ. ಕಷ್ಟವೆಲ್ಲ ಎರಡನೆಯದರಲ್ಲಿ.

ಮೊದಲು ಸುಲಭದ್ದನ್ನು ನೋಡೋಣ. ಓಟಕ್ಕೆ ಗಡಿಯಾರ ಸಾಕು. ಆಯ್ಕೆ ಶಿಬಿರಗಳಲ್ಲಿ 60 ಗಜ, ಅಂದರೆ ಸುಮಾರು 55 ಮೀಟರ್ ಓಡಿಸುತ್ತಾರೆ. 7 ಸೆಕೆಂಡಿನೊಳಗೆ ಮುಗಿಸಿದವನ ಹೆಸರಿನ ಎದುರು ಪೆನ್ಸಿಲು ಓಡುತ್ತದೆ. ಬ್ಯಾಟರ್‌ನ ಹಿಂದೆ ಕೂರುವ ಕ್ಯಾಚರ್‌ಗೆ ಬೇರೆ ಪರೀಕ್ಷೆ. ಚೆಂಡು ಅವನ ಗವಸಿಗೆ ಬಿದ್ದ ಕ್ಷಣದಿಂದ, ಅವನು ಎದ್ದು ಎಸೆದ ಚೆಂಡು ಸುಮಾರು 39 ಮೀಟರ್ ದೂರದ ಎರಡನೇ ಬೇಸಿನಲ್ಲಿರುವವನ ಗವಸು ಸೇರುವವರೆಗಿನ ಸಮಯವನ್ನು ಅಳೆಯುತ್ತಾರೆ. ಸರಿಸುಮಾರು 2 ಸೆಕೆಂಡಾದರೆ ಸರಾಸರಿ. ಕಳ್ಳತನದಿಂದ ಬೇಸು ಕಬಳಿಸಲು ಓಡುವವನು ಔಟಾಗುತ್ತಾನೋ ಉಳಿಯುತ್ತಾನೋ ಎಂಬುದು ಈ ಎರಡು ಸೆಕೆಂಡಿನ ಆಚೀಚೆ ತೀರ್ಮಾನವಾಗುತ್ತದೆ.

ಎಸೆತದ ವೇಗ ಅಳೆಯುವ ಆಸೆ ಮಾತ್ರ ಬಹಳ ಹಳೆಯದು. 1912ರಲ್ಲಿ ವಾಲ್ಟರ್ ಜಾನ್ಸನ್ ಎಂಬ, ಬ್ಯಾಟರ್‌ಗೆ ಚೆಂಡೆಸೆಯುವ ಪ್ರಖ್ಯಾತ ಪಿಚರ್‌ನನ್ನು ಕನೆಕ್ಟಿಕಟ್‌ನ ರೆಮಿಂಗ್ಟನ್ ಬಂದೂಕು ಕಾರ್ಖಾನೆಗೆ ಕರೆದೊಯ್ದು, ಗುಂಡಿನ ವೇಗ ಅಳೆಯುವ ಯಂತ್ರದ ಮುಂದೆ ಚೆಂಡೆಸೆಯಲು ಹೇಳಿದರು. ಸೆಕೆಂಡಿಗೆ 122 ಅಡಿ, ಅಂದರೆ ಗಂಟೆಗೆ ಸುಮಾರು 134 ಕಿಲೋಮೀಟರ್ ದಾಖಲಾಯಿತು. 1940ರಲ್ಲಿ ಶಿಕಾಗೋದ ಪಾರ್ಕೊಂದರಲ್ಲಿ ಪಿಚರ್ ಬಾಬ್ ಫೆಲರ್ ಎಸೆದ ಚೆಂಡನ್ನು ಪಕ್ಕದಲ್ಲೇ ನುಗ್ಗಿ ಬಂದ ಮೋಟಾರ್‌ಸೈಕಲ್ಲಿನ ಜೊತೆ ಸ್ಪರ್ಧೆಗೆ ಬಿಟ್ಟರು. ಇಂಥ ಸಾಹಸಗಳಿಗೆ ಕೊನೆ ಹಾಡಿದ್ದು 1974ರಲ್ಲಿ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಡ್ಯಾನಿ ಲಿಟ್‌ವೈಲರ್. ವೇಗವಾಗಿ ಕಾರು ಓಡಿಸುವವರನ್ನು ಹಿಡಿಯಲು ಕ್ಯಾಂಪಸ್ ಪೊಲೀಸರು ಬಳಸುತ್ತಿದ್ದ ರೇಡಾರ್ ಗನ್ನಿನ ಸುದ್ದಿ ನೋಡಿ, ಅದನ್ನೇ ತಮ್ಮ ಪಿಚರ್‌ಗಳ ಕಡೆ ತಿರುಗಿಸಿದರೆ ಹೇಗೆ ಎಂದು ಅವರಿಗೆ ಹೊಳೆಯಿತು. ತಮ್ಮತ್ತ ಬರುವ ಚೆಂಡಿಗೆ ಬಡಿದು ಹಿಂದಿರುಗುವ ರೇಡಿಯೋ ಅಲೆಗಳ ಆವರ್ತನ ಏರುತ್ತದೆ. ಎಷ್ಟು ಏರಿತೆಂಬುದರಿಂದ ವೇಗ ತಿಳಿಯುತ್ತದೆ. ಡಾಪ್ಲರ್ ಪರಿಣಾಮದ ಈ ಉಪಕರಣವನ್ನು ಜಗ್ಸ್ ಎಂಬ ಕಂಪನಿ ಬೇಸ್‌ಬಾಲಿಗೆ ಒಗ್ಗಿಸಿತು. ಕೆಲವೇ ವರ್ಷಗಳಲ್ಲಿ ರೇಡಾರ್ ಗನ್ ಇಲ್ಲದ ಸ್ಕೌಟ್ ಇಲ್ಲವೆಂಬಂತಾಯಿತು.

ಒಂದೇ ಸಂಖ್ಯೆಯನ್ನು ನಂಬಿ ಎಷ್ಟು ದೂರ ಹೋಗಬಹುದು ಎಂಬ ಪ್ರಯೋಗ ಭಾರತದಲ್ಲೇ ನಡೆದಿದೆ. ಜೆ.ಬಿ. ಬರ್ನ್‌ಸ್ಟೀನ್ ಎಂಬ ಅಮೆರಿಕದ ಕ್ರೀಡಾ ಏಜೆಂಟ್ ಇಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಸ್ಪರ್ಧೆ ಏರ್ಪಡಿಸಿದರು. ಸಾವಿರಾರು ಹುಡುಗರು ರೇಡಾರ್ ಗನ್ನಿನ ಮುಂದೆ ಸಾಲುಗಟ್ಟಿದರು. 2008ರಲ್ಲಿ ಗೆದ್ದವರು ಉತ್ತರ ಪ್ರದೇಶದ ರಿಂಕು ಸಿಂಗ್. ಜೊತೆಗೆ ಅದೇ ರಾಜ್ಯದ ದಿನೇಶ್ ಪಟೇಲ್ ಕೂಡ ಅಮೆರಿಕಕ್ಕೆ ಹೊರಟರು. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು, ಬೇಸ್‌ಬಾಲ್ ಆಡಿದವರೇ ಅಲ್ಲ. ಲಾಸ್ ಏಂಜಲೀಸ್‌ನಲ್ಲಿ ಟಾಮ್ ಹೌಸ್ ಎಂಬ ಹಿರಿಯ ಪಿಚಿಂಗ್ ಕೋಚ್ ಬಳಿ ಕೆಲವು ತಿಂಗಳು ಕಲಿತ ಮೇಲೆ, ಅದೇ ವರ್ಷದ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರನ್ನೂ ಒಪ್ಪಂದಕ್ಕೆ ತೆಗೆದುಕೊಂಡಿತು. ಮುಂದಿನ ವರ್ಷ ರಿಂಕು ಮೈನರ್ ಲೀಗ್ ಪಂದ್ಯ ಗೆದ್ದರು. ಬೇಸ್‌ಬಾಲನ್ನೇ ನೋಡದ ಹುಡುಗನನ್ನು ಒಂದು ಉಪಕರಣದ ಸಾಕ್ಷಿಯ ಮೇಲೆ ಹುಡುಕಿ ಅಲ್ಲಿಯವರೆಗೆ ಮುಟ್ಟಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಮೇಜರ್ ಲೀಗ್ ಇಬ್ಬರಿಗೂ ಎಟುಕಲಿಲ್ಲ. ಚೆಂಡನ್ನು ಬೇಕಾದ ಅಂಗುಲಕ್ಕೆ ಇಳಿಸುವ ಹಿಡಿತ, ಒಂದೇ ತೋಳ ಚಲನೆಯಲ್ಲಿ ಮೂರು ಬಗೆಯ ಎಸೆತ ಬಚ್ಚಿಡುವ ಚಾತುರ್ಯ ಬಾಲ್ಯದಿಂದ ಸಾವಿರಾರು ಸಲ ಎಸೆದು ಬರುವಂಥವು. ಅವು ರೇಡಾರಿಗೆ ಕಾಣುವುದಿಲ್ಲ.

ಉಪಕರಣಗಳೂ ಈಗ ಬಹಳ ಮುಂದೆ ಬಂದಿವೆ. ಡೆನ್ಮಾರ್ಕಿನಲ್ಲಿ ಗಾಲ್ಫ್ ಚೆಂಡಿಗಾಗಿ ಹುಟ್ಟಿದ ಟ್ರ್ಯಾಕ್‌ಮ್ಯಾನ್ ರೇಡಾರ್ ವೇಗದ ಜೊತೆಗೆ ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು, ಎತ್ತ ಬಾಗಿತು ಎಂಬುದನ್ನೂ ಹೇಳುತ್ತದೆ. 2015ರಿಂದ ಮೇಜರ್ ಲೀಗ್‌ನ ಎಲ್ಲ ಮೈದಾನಗಳಲ್ಲಿ ಚೆಂಡು, ಆಟಗಾರರ ಚಲನೆಯನ್ನು ಅಳೆಯುವ ಸ್ಟ್ಯಾಟ್‌ಕ್ಯಾಸ್ಟ್ ವ್ಯವಸ್ಥೆ ಇದೆ. 2021ರಿಂದ ಡ್ರಾಫ್ಟ್‌ಗೆ ಮುಂಚೆ ಹುಡುಗರನ್ನು ಒಂದೆಡೆ ಸೇರಿಸಿ ಪರೀಕ್ಷಿಸುವ ‘ಕಂಬೈನ್’ ಶುರುವಾಗಿದೆ. ಬ್ಯಾಟಿನಿಂದ ಸಿಡಿದ ಚೆಂಡಿನ ವೇಗ, ಅದು ಮೇಲೆದ್ದ ಕೋನ ಎರಡೂ ಅಲ್ಲಿ ದಶಮಾಂಶದವರೆಗೆ ದಾಖಲಾಗುತ್ತವೆ. ದೂರ ಹೊಡೆಯುವ ಬಲಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಹಿಂದೆ ಇರಲಿಲ್ಲ.

ಆದರೆ ಐದು ಕೌಶಲಗಳಲ್ಲಿ ಅತಿ ಮುಖ್ಯವಾದದ್ದು, ಬ್ಯಾಟಿಗೆ ಚೆಂಡು ತಾಗಿಸುವುದು, ಈ ಯಂತ್ರಗಳಿಗೆ ಇನ್ನೂ ಪೂರ್ತಿ ಸಿಕ್ಕಿಲ್ಲ.

ಕಾರಣ ಸಮಯದಲ್ಲಿದೆ. ಗಂಟೆಗೆ 145 ಕಿಲೋಮೀಟರ್ ವೇಗದ ಚೆಂಡು ಪಿಚರ್‌ನ ಕೈ ಬಿಟ್ಟು ಪ್ಲೇಟು ದಾಟಲು ಹಿಡಿಯುವುದು ಸುಮಾರು 0.4 ಸೆಕೆಂಡು. ಬ್ಯಾಟು ಬೀಸುವುದಕ್ಕೇ ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಉಳಿದದ್ದರಲ್ಲಿ ಚೆಂಡು ಯಾವ ಬಗೆಯದು, ಎಲ್ಲಿಗೆ ಬರುತ್ತದೆ, ಬೀಸುವುದೋ ಬಿಡುವುದೋ ಎಲ್ಲ ನಿರ್ಧಾರವಾಗಬೇಕು. ಇಂಥ ಕೆಲಸ ಮಾಡುವವರ ಕಣ್ಣು, ನರಗಳೇ ಬೇರೆ ಇರಬೇಕೆಂದು ಜನ ಊಹಿಸಿದ್ದು ಸಹಜ. 1921ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನ ಪ್ರಯೋಗಾಲಯದಲ್ಲಿ ಆ ಕಾಲದ ಹೆಸರಾಂತ ಬ್ಯಾಟರ್ ಬೇಬ್ ರೂತ್ ಅವರನ್ನು ಕೂರಿಸಿ ಪರೀಕ್ಷೆ ಮಾಡಿದರು. ಅವರ ಪ್ರತಿಕ್ರಿಯೆ ಸಾಮಾನ್ಯರಿಗಿಂತ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಚುರುಕು ಎಂದು ವರದಿಯಾಯಿತು. 1990ರ ದಶಕದಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಆಟಗಾರರ ಕಣ್ಣು ಪರೀಕ್ಷಿಸಿದ ನೇತ್ರತಜ್ಞರಿಗೆ ಸರಾಸರಿ ದೃಷ್ಟಿ 20/13ರ ಆಸುಪಾಸು ಕಂಡಿತು. ಸಾಮಾನ್ಯ ಕಣ್ಣು 13 ಅಡಿಯಲ್ಲಿ ಗುರುತಿಸುವ ಅಕ್ಷರವನ್ನು ಇವರು 20 ಅಡಿಯಿಂದ ಓದಬಲ್ಲರು.

ಅಂದ ಮೇಲೆ ಚುರುಕು ನರ, ಸೂಕ್ಷ್ಮ ಕಣ್ಣು ಇರುವ ಹುಡುಗನನ್ನು ಆರಿಸಿದರೆ ಸಾಕಲ್ಲವೇ? 2004ರ ಒಂದು ಪ್ರದರ್ಶನ ಪಂದ್ಯ ಇದಕ್ಕೆ ಉತ್ತರ ಕೊಟ್ಟಿತು. ಮಹಿಳೆಯರ ಸಾಫ್ಟ್‌ಬಾಲ್ ತಾರೆ ಜೆನ್ನಿ ಫಿಂಚ್ ತನ್ನ ಕೆಳಗೈ ಎಸೆತಗಳಿಂದ ಆಲ್ಬರ್ಟ್ ಪೂಹೋಲ್ಸ್, ಮೈಕ್ ಪಿಯಾಜಾ ಅವರಂಥ ಬೇಸ್‌ಬಾಲ್ ದೈತ್ಯರನ್ನು ಔಟ್ ಮಾಡಿದರು. ಸಾಫ್ಟ್‌ಬಾಲ್ ಗಾತ್ರದಲ್ಲಿ ದೊಡ್ಡದು. ಎಸೆಯುವ ಜಾಗ ಹತ್ತಿರವಿದ್ದರೂ ವೇಗ ಕಡಿಮೆ, ಆದ್ದರಿಂದ ಬ್ಯಾಟರ್‌ಗೆ ಸಿಗುವ ಸಮಯ ಮೇಜರ್ ಲೀಗ್ ಎಸೆತದಷ್ಟೇ. ಕಣ್ಣು ಅವೇ, ನರಗಳು ಅವೇ, ಸಮಯವೂ ಅಷ್ಟೇ. ಇಲ್ಲದಿದ್ದದ್ದು ಅನುಭವ. ಮೇಲ್ಗೈ ಎಸೆಯುವವರ ಭುಜ, ಮೊಣಕೈ, ಬೆರಳುಗಳನ್ನು ಸಾವಿರಾರು ಸಲ ನೋಡಿ ನೋಡಿ ಬ್ಯಾಟರ್ ಚೆಂಡು ಕೈ ಬಿಡುವ ಮೊದಲೇ ಅದರ ದಾರಿಯನ್ನು ಊಹಿಸಲು ಕಲಿತಿರುತ್ತಾನೆ. ಫಿಂಚ್ ಅವರ ಸೊಂಟದ ಮಟ್ಟದ ಎಸೆತದಲ್ಲಿ ಆ ಪರಿಚಿತ ಸುಳಿವುಗಳು ಒಂದೂ ಇರಲಿಲ್ಲ. ಎರಡು ವರ್ಷದ ನಂತರ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪೂಹೋಲ್ಸ್ ಅವರನ್ನು ಪರೀಕ್ಷಿಸಿದಾಗ ಅವರ ಸರಳ ಪ್ರತಿಕ್ರಿಯೆಯ ವೇಗ ಕಾಲೇಜು ವಿದ್ಯಾರ್ಥಿಗಳಿಗಿಂತ ತುಸು ಉತ್ತಮವಾಗಿತ್ತು, ಅಷ್ಟೇ.

ಹೊಡೆತ ಬಹುಪಾಲು ಕಲಿಕೆಯ ಫಲವಾದರೆ, ಹದಿನೇಳರ ಹುಡುಗನ ಹೊಡೆತವನ್ನು ಅಳೆಯುವವನು ಅವನು ಈವರೆಗೆ ಎಂಥ ಎಸೆತ ನೋಡಿದ್ದಾನೆ ಎಂಬುದನ್ನೂ ಸೇರಿಸಿಯೇ ಅಳೆಯುತ್ತಿರುತ್ತಾನೆ. ಶಾಲಾ ಪಂದ್ಯಗಳ ಸಾಧಾರಣ ಎಸೆತದ ಎದುರು ರಾಶಿ ರಾಶಿ ಹೊಡೆದವನು ಮುಂದೆ 150 ಕಿಲೋಮೀಟರ್ ವೇಗಕ್ಕೆ ಹೇಗೆ ಸ್ಪಂದಿಸುತ್ತಾನೋ ಅವನ ಅಂಕಿಅಂಶ ಹೇಳುವುದಿಲ್ಲ. ಶಾಲೆಗಳಲ್ಲಿ ಬಳಸುವುದು ಲೋಹದ ಬ್ಯಾಟು, ಮೇಜರ್ ಲೀಗ್‌ನಲ್ಲಿ ಮರದ್ದು. ಲೋಹದ ಬ್ಯಾಟು ತಪ್ಪಾಗಿ ತಾಗಿದ ಚೆಂಡನ್ನೂ ಒಂದಿಷ್ಟು ಕ್ಷಮಿಸುತ್ತದೆ. ಇದಕ್ಕೇ ಸ್ಕೌಟ್‌ಗಳು ಬೇಸಿಗೆಯಲ್ಲಿ ನಡೆಯುವ ಮರದ ಬ್ಯಾಟಿನ ಪ್ರದರ್ಶನ ಪಂದ್ಯಗಳಿಗೆ ಮುಗಿಬೀಳುತ್ತಾರೆ. ಅಲ್ಲಿ ಒಳ್ಳೆಯ ಎಸೆತದ ಎದುರು ಒಳ್ಳೆಯ ಹೊಡೆತ ಒಟ್ಟಿಗೆ ನೋಡಸಿಗುತ್ತದೆ.

ಮೈಕ್ ಟ್ರೌಟ್ ಕಥೆಯಲ್ಲಿ ಹೀಗೆ ಕಣ್ಣಾರೆ ನೋಡುವುದರ ಬೆಲೆ ಕಾಣುತ್ತದೆ. ಅವರು ನ್ಯೂಜೆರ್ಸಿಯ ಮಿಲ್‌ವಿಲ್ ಊರಿನವರು. ಚಳಿ ಹೆಚ್ಚಿರುವ ಈಶಾನ್ಯ ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯಾ, ಫ್ಲಾರಿಡಾದಷ್ಟು ಪಂದ್ಯಗಳು ನಡೆಯುವುದಿಲ್ಲ, ಎದುರಾಳಿಗಳೂ ಅಷ್ಟು ಬಲವಾಗಿರುವುದಿಲ್ಲ ಎಂಬ ಅನುಮಾನ ತಂಡಗಳಿಗಿತ್ತು. ಏಂಜಲ್ಸ್ ತಂಡದ ಸ್ಕೌಟ್ ಗ್ರೆಗ್ ಮೋರ್‌ಹಾರ್ಟ್ ಮಾತ್ರ ಹುಡುಗನ ಓಟ, ಬಲವನ್ನು ಮತ್ತೆ ಮತ್ತೆ ನೋಡಿದ್ದರು. ಟ್ರೌಟ್‌ನ ತಂದೆಯ ಜೊತೆ ಮೈನರ್ ಲೀಗ್‌ನಲ್ಲಿ ಆಡಿದ್ದವರೂ ಹೌದು. 2009ರ ಡ್ರಾಫ್ಟ್‌ನಲ್ಲಿ ಏಂಜಲ್ಸ್ ತಂಡಕ್ಕೆ ಟ್ರೌಟ್ 25ನೆಯವರಾಗಿ ಆಯ್ಕೆಯಾದರು. ಮುಂದೆ ಮೂರು ಸಲ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವರದಾಯಿತು.

ಜನ್ಮದಿನಾಂಕವೂ ಅಂಕಗಳಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಅಮೆರಿಕದ ಮಕ್ಕಳ ಬೇಸ್‌ಬಾಲಿನಲ್ಲಿ ಬಹುಕಾಲ ಜುಲೈ 31 ವಯೋಮಿತಿಯ ಗೆರೆಯಾಗಿತ್ತು. ಆಗಸ್ಟ್‌ನಲ್ಲಿ ಹುಟ್ಟಿದವನು ತನ್ನ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವನು, ಜುಲೈಯಲ್ಲಿ ಹುಟ್ಟಿದವನು ಚಿಕ್ಕವನು. ಹತ್ತನೇ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರ ಎಂದರೆ ಎತ್ತರದಲ್ಲಿ, ಬಲದಲ್ಲಿ ಎದ್ದು ಕಾಣುವ ವ್ಯತ್ಯಾಸ. ದೊಡ್ಡವನು ಒಳ್ಳೆಯ ತಂಡಕ್ಕೆ ಆಯ್ಕೆಯಾಗುತ್ತಾನೆ, ಹೆಚ್ಚು ಪಂದ್ಯ, ಹೆಚ್ಚು ತರಬೇತಿ ಪಡೆಯುತ್ತಾನೆ. 1950ರ ನಂತರ ಅಮೆರಿಕದಲ್ಲಿ ಹುಟ್ಟಿದ ಮೇಜರ್ ಲೀಗ್ ಆಟಗಾರರ ಪಟ್ಟಿಯನ್ನು ಗ್ರೆಗ್ ಸ್ಪೈರಾ ಎಂಬ ಲೇಖಕ ಜಾಲಾಡಿದಾಗ, ಜುಲೈಗಿಂತ ಆಗಸ್ಟ್‌ನಲ್ಲಿ ಹುಟ್ಟಿದವರಿಗೆ ಅಲ್ಲಿಗೆ ತಲುಪುವ ಸಾಧ್ಯತೆ ಶೇ 50ಕ್ಕೂ ಹೆಚ್ಚು ಎಂದು ಕಂಡಿತು. ಬಾಲ್ಯದ ಆಯ್ಕೆದಾರರು ಪ್ರತಿಭೆ ಎಂದು ಗುರುತಿಸಿದ್ದರಲ್ಲಿ ಒಂದು ಪಾಲು ಬರಿಯ ವಯಸ್ಸು.

ಎತ್ತರದ ಮೇಲಿನ ಮೋಹ ಇನ್ನೂ ಹಳೆಯದು. ವೆನೆಜುವೆಲಾದ ಮಾರಾಕಾಯ್ ನಗರದಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡ ನಡೆಸಿದ ಆಯ್ಕೆ ಶಿಬಿರದಿಂದ ಹೋಸೆ ಆಲ್ಟುವೆ ಎಂಬ ಹುಡುಗನನ್ನು ತೀರಾ ಕುಳ್ಳನೆಂದು ಮೊದಲ ದಿನವೇ ಮನೆಗೆ ಕಳಿಸಿದ್ದರು. ಮರುದಿನ ಆತ ಮತ್ತೆ ಬಂದ. ಆಡಲು ಬಿಟ್ಟರು, ನೋಡಿದರು, 15,000 ಡಾಲರ್‌ಗೆ ಒಪ್ಪಂದ ಮಾಡಿಕೊಂಡರು. ಐದಡಿ ಆರಂಗುಲದ ಆ ಆಲ್ಟುವೆ 2017ರಲ್ಲಿ ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರನಾದರು. ಅಂದಾಜು ತಪ್ಪುವುದು ಎತ್ತರದ ವಿಷಯದಲ್ಲಷ್ಟೇ ಅಲ್ಲ. ಫಿಂಚ್ ಎದುರು ಸೋತ ಪಿಯಾಜಾ 1988ರ ಡ್ರಾಫ್ಟ್‌ನ 62ನೇ ಸುತ್ತಿನಲ್ಲಿ, 1,390ನೆಯವರಾಗಿ ಆಯ್ಕೆಯಾಗಿದ್ದರು. 2016ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿದರು. ವ್ಯತಿರಿಕ್ತ ಉದಾಹರಣೆಯೂ ಉಂಟು: 1991ರಲ್ಲಿ ದೇಶಕ್ಕೇ ಮೊದಲಿಗರಾಗಿ ಆಯ್ಕೆಯಾದ ಪಿಚರ್ ಬ್ರೀನ್ ಟೇಲರ್ ಭುಜದ ಗಾಯದಿಂದಾಗಿ ಮೇಜರ್ ಲೀಗ್‌ನಲ್ಲಿ ಒಂದು ಎಸೆತವನ್ನೂ ಹಾಕಲಾಗಲಿಲ್ಲ.

ಹಾಗಾದರೆ ಅಳೆಯುವ ಜಾಗವನ್ನೇ ಬದಲಿಸಿದರೆ? 1970ರಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್ ತಂಡದ ಒಡೆಯ ಯೂಯಿಂಗ್ ಕಾಫ್‌ಮನ್ ಕೇಳಿಕೊಂಡ ಪ್ರಶ್ನೆ ಇದು. ಔಷಧ ಕಂಪನಿ ಕಟ್ಟಿ ಬೆಳೆಸಿದ ಅವರಿಗೆ ಸಂಶೋಧನೆಯಲ್ಲಿ ನಂಬಿಕೆ. ರೇಮಂಡ್ ರೈಲಿ ಎಂಬ ಮನೋವಿಜ್ಞಾನಿಯಿಂದ ವೃತ್ತಿಪರ ಆಟಗಾರರನ್ನು ಪರೀಕ್ಷಿಸಿ, ಒಳ್ಳೆಯವರಲ್ಲಿ ಸಮಾನವಾಗಿರುವ ಗುಣಗಳನ್ನು ಹುಡುಕಿಸಿದರು. ಓಟದ ವೇಗ, ತೀಕ್ಷ್ಣ ದೃಷ್ಟಿ, ಚುರುಕು ಪ್ರತಿಕ್ರಿಯೆ, ದೇಹದ ಸಮತೋಲ, ಈ ನಾಲ್ಕು ಎದ್ದು ಬಂದವು. ಇವಿರುವ ಯುವಕರು ಬೇಸ್‌ಬಾಲ್ ಹೆಚ್ಚು ಆಡಿರದಿದ್ದರೂ ಪರವಾಗಿಲ್ಲ, ಆಟವನ್ನು ಕಲಿಸೋಣ ಎಂದು ಫ್ಲಾರಿಡಾದ ಸರಸೋಟದಲ್ಲಿ ಅಕಾಡೆಮಿ ತೆರೆದರು. ದೇಶದುದ್ದಕ್ಕೂ 7,000ಕ್ಕೂ ಹೆಚ್ಚು ಹುಡುಗರನ್ನು ಪರೀಕ್ಷಿಸಿ ನಲವತ್ತರಷ್ಟು ಮಂದಿಯನ್ನು ಆರಿಸಿದರು. ಅವರಲ್ಲೊಬ್ಬರು ಫ್ರಾಂಕ್ ವೈಟ್. ಅವರು ಓದಿದ ಕಾನ್ಸಾಸ್ ಸಿಟಿಯ ಶಾಲೆಯಲ್ಲಿ ಬೇಸ್‌ಬಾಲ್ ತಂಡವೇ ಇರಲಿಲ್ಲ, ಹಾಗಾಗಿ ಯಾವ ಸ್ಕೌಟ್‌ನ ಪುಸ್ತಕದಲ್ಲೂ ಅವರ ಹೆಸರು ಇರಲಿಲ್ಲ. ಆ ವೈಟ್ 1973ರಿಂದ 1990ರವರೆಗೆ ರಾಯಲ್ಸ್ ಪರ ಆಡಿ, ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಎಂಟು ಸಲ ಗೆದ್ದರು. ಅಕಾಡೆಮಿ ಮಾತ್ರ ಖರ್ಚು ಹೆಚ್ಚೆಂಬ ಕಾರಣಕ್ಕೆ 1974ರಲ್ಲೇ ಮುಚ್ಚಿತು. ಹುಡುಗರು ಬೆಳೆಯಲು ಬೇಕಾದಷ್ಟು ವರ್ಷ ಕಾಯುವ ತಾಳ್ಮೆ ಲೆಕ್ಕಪುಸ್ತಕಕ್ಕೆ ಇರಲಿಲ್ಲ.

ರೈಲಿ ಹುಡುಕಿದ್ದನ್ನೇ ಕಂಪ್ಯೂಟರಿನಲ್ಲಿ ಹುಡುಕುವ ಪ್ರಯತ್ನ ಈಗ ನಡೆದಿದೆ. ಮೂಕಿ ಬೆಟ್ಸ್ ಹೈಸ್ಕೂಲಿನಲ್ಲಿದ್ದಾಗ ಬಾಸ್ಟನ್ ರೆಡ್ ಸಾಕ್ಸ್ ಸ್ಕೌಟ್ ಡ್ಯಾನಿ ವಾಟ್‌ಕಿನ್ಸ್ ಲ್ಯಾಪ್‌ಟಾಪ್ ತಂದು ಒಂದು ಆಟ ಆಡಿಸಿದರು. ಪರದೆಯ ಮೇಲೆ ಚೆಂಡು ಮೂಡುತ್ತದೆ; ಅದರ ಹೊಲಿಗೆ ಎತ್ತ ತಿರುಗುತ್ತಿದೆ ಎಂದು ನೋಡಿ ಕೀಲಿ ಒತ್ತಬೇಕು, ಇಲ್ಲವೇ ಕೈ ತಡೆಯಬೇಕು. 2011ರ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ಬಾಸ್ಟನ್ ಅವರನ್ನು ಆರಿಸಿತು, 2018ರಲ್ಲಿ ಅವರು ಲೀಗ್‌ನ ಅತ್ಯುತ್ತಮ ಆಟಗಾರ. ಬೇಬ್ ರೂತ್ ಮೇಲೆ ನಡೆದ 1921ರ ಪ್ರಯೋಗಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಪರೀಕ್ಷೆಗೊಳಗಾಗುವುದು ಬೇಸ್‌ಬಾಲಿನ ಚೆಂಡನ್ನೇ ಗುರುತಿಸಿ ತೀರ್ಮಾನಿಸುವ ಶಕ್ತಿ.

ಇಷ್ಟೆಲ್ಲ ಅಳತೆಗಳ ನಡುವೆ ಒಂದು ಅಳತೆ ಮಕ್ಕಳ ದೇಹವನ್ನೇ ಬದಲಿಸತೊಡಗಿದೆ. ವೇಗಕ್ಕೆ ಬೆಲೆ ಬಂತೆಂದು ಗೊತ್ತಾದ ಕೂಡಲೇ ಹುಡುಗರು, ಹೆತ್ತವರು, ಖಾಸಗಿ ಕೋಚ್‌ಗಳು ರೇಡಾರ್ ಗನ್ನಿನ ಕೆಂಪು ಅಂಕಿಯ ಬೆನ್ನು ಹತ್ತಿದರು. ಮೇಜರ್ ಲೀಗ್‌ನಲ್ಲಿ ವೇಗದ ಎಸೆತದ ಸರಾಸರಿ 2008ರಲ್ಲಿ ಗಂಟೆಗೆ 147 ಕಿಲೋಮೀಟರ್ ಇದ್ದದ್ದು 2024ಕ್ಕೆ 152ರ ಹತ್ತಿರ ಬಂದಿದೆ. ಅಷ್ಟು ವೇಗದಲ್ಲಿ ತೋಳು ತಿರುಗುವಾಗ ಭಾರವೆಲ್ಲ ಬೀಳುವುದು ಮೊಣಕೈಯ ಒಳಬದಿಯ ಒಂದು ಕಿರಿದಾದ ಅಸ್ಥಿರಜ್ಜುವಿನ ಮೇಲೆ. ಅದು ಹರಿದರೆ ದೇಹದ ಬೇರೆಡೆಯಿಂದ ಸ್ನಾಯುರಜ್ಜು ತೆಗೆದು ಕಸಿ ಮಾಡಬೇಕು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ, ಶಸ್ತ್ರಚಿಕಿತ್ಸೆಗೆ ಅವರ ಹೆಸರೇ ಉಳಿಯಿತು. ಮೇಜರ್ ಮತ್ತು ಮೈನರ್ ಲೀಗ್‌ಗಳಲ್ಲಿ 2010ರಲ್ಲಿ ನೂರರಷ್ಟಿದ್ದ ಈ ಶಸ್ತ್ರಚಿಕಿತ್ಸೆಗಳು 2024ರಲ್ಲಿ 280ನ್ನು ದಾಟಿದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ತಾನೇ ಹೊರತಂದ ವರದಿ, ವೇಗದ ಬೆನ್ನಟ್ಟುವಿಕೆ ಹವ್ಯಾಸಿ ಹುಡುಗರವರೆಗೂ ಇಳಿದಿರುವುದನ್ನು ಬೊಟ್ಟು ಮಾಡಿ ತೋರಿಸಿತು.

ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟಿನ ಸಂಶೋಧಕರು ಶಸ್ತ್ರಚಿಕಿತ್ಸೆಯಾದ ಹದಿಹರೆಯದ ಪಿಚರ್‌ಗಳನ್ನು ಆರೋಗ್ಯವಂತರ ಜೊತೆ ಹೋಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ವರ್ಷದಲ್ಲಿ 8 ತಿಂಗಳಿಗಿಂತ ಹೆಚ್ಚು ಸ್ಪರ್ಧೆಯಲ್ಲಿ ಎಸೆಯುವವರಿಗೆ ಅಪಾಯ 5 ಪಟ್ಟು, ತೋಳು ದಣಿದ ಮೇಲೂ ಆಗಾಗ ಎಸೆಯುವವರಿಗೆ 36 ಪಟ್ಟು. ಆಯ್ಕೆದಾರರ ಕಣ್ಣಿಗೆ ಬೀಳಬೇಕೆಂದು ಬೇಸಿಗೆ ಮುಗಿದ ಮೇಲೂ ಪ್ರದರ್ಶನ ಶಿಬಿರದಿಂದ ಶಿಬಿರಕ್ಕೆ ಅಲೆಯುವ ಹುಡುಗ ಈ ಎರಡೂ ಗುಂಪಿಗೆ ಸೇರಿಬಿಡುವುದು ಸುಲಭ.

ಈ ಅರಿವಿನಿಂದ 2014ರಲ್ಲಿ ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ‘ಪಿಚ್ ಸ್ಮಾರ್ಟ್’ ಎಂಬ ಮಾರ್ಗಸೂಚಿ ತಂದವು. ಅದೂ ಸಂಖ್ಯೆಗಳದ್ದೇ ಪಟ್ಟಿ, ಆದರೆ ಇವು ಮಿತಿಯ ಸಂಖ್ಯೆಗಳು. 9–10ರ ಮಕ್ಕಳಿಗೆ ದಿನಕ್ಕೆ 75 ಎಸೆತ, 11–12ಕ್ಕೆ 85, 17–18ಕ್ಕೆ 105. ಎಸೆದ ಚೆಂಡುಗಳ ಲೆಕ್ಕಕ್ಕೆ ತಕ್ಕಂತೆ ವಿಶ್ರಾಂತಿಯ ದಿನಗಳು. 9ರಿಂದ 12ರ ವಯಸ್ಸಿನವರು ವರ್ಷದಲ್ಲಿ ಕನಿಷ್ಠ 4 ತಿಂಗಳು ಎಸೆಯುವುದನ್ನೇ ಬಿಡಬೇಕು, ಅದರಲ್ಲಿ 2–3 ತಿಂಗಳು ಎಡೆಬಿಡದೆ. ಆ ತಿಂಗಳುಗಳಲ್ಲಿ ಬೇರೆ ಆಟ ಆಡಿ ಎಂಬ ಸಲಹೆಯೂ ಅದರಲ್ಲಿದೆ: ಬ್ಯಾಸ್ಕೆಟ್‌ಬಾಲ್, ಓಟ, ಈಜು, ಯಾವುದಾದರೂ ಸರಿ.